ಲಾದಿ ಎದ್ದಿತು, ಕಾಕಾ ಬಂದರು

"ಯಾಕ ತಂಗಿ, ಮುಂಜಾನಿಂದ ನೆಲಾ ಬಡೀಲಾಕತ್ತೀರಿ? ನಿಧಿ ಗಿಧಿ ಹೂತಿಟ್ಟೀರೇನು ಒಳಗ?"

ಗೋಡೆಯಾಚೆಯಿಂದ ಕಾಕಾನ ದನಿ. ನಿಧಿ ಎಲ್ಲಿಂದ ಬರಬೇಕು ಮಾರಾಯ್ರೆ! ಆಂಟಾಪ್ ಹಿಲ್‌ನಲ್ಲಿ ಒಂದು ಹಾಲ್, ಒಂದು ಕಿಚನ್, ಒಂದು ಬೆಡ್‌ರೂಮ್ ಇದ್ದರೆ ಅದೇ ನಿಧಿ. ನಾನು ಲಟ್ಟಣಿಗೆಯ ಹಿಡಿ ಕೆಳಗೆ ಮಾಡಿ ಹಾಲ್‌ನ ಲಾದಿಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಿದ್ದೆ. ಟೈಲ್ಸಿಗೆ ಮುಂಬಯಿಯಲ್ಲಿ ಮರಾಠಿಯವರೂ ಗುಜರಾತಿಯವರೂ ಮಿಸ್ತ್ರಿಯೂ ಎಲ್ಲರೂ ಲಾದಿ ಅಂತಲೇ ಅನ್ನುವುದು, ನಮಗೂ ಅದೇ ಬಾಯಿಗೆ ಹತ್ತಿದೆ.

ಊರಿನಲ್ಲಾದರೆ ಎರಡು ಮನೆಗಳ ನಡುವೆ ಬೇಲಿ, ಇಲ್ಲಿ ಎರಡು ಸೊಸೈಟಿಗಳ ನಡುವೆ ಕಾಂಪೌಂಡ್ ಗೋಡೆ. ಈಚೆಯ ಗ್ರೌಂಡ್ ಫ್ಲೋರಿನಲ್ಲಿ ನಾವು, ಆಚೆಯ ಗ್ರೌಂಡ್ ಫ್ಲೋರಿನಲ್ಲಿ ಕಾಕಾ. ನಮ್ಮ ಅಡುಗೆಮನೆಯ ಗ್ರಿಲ್ಲಿಗೂ ಅವರ ಬಾಲ್ಕನಿಗೂ ನಡುವೆ ಎದೆಮಟ್ಟದ ಗೋಡೆ, ಅದರ ಮೇಲೆ ಯಾವಾಗಲೂ ಯಾರದೋ ನೆಲ ಒರೆಸುವ ಬಟ್ಟೆ. ಕಾಕಾ ಕಲಬುರ್ಗಿ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ನಾವು ಉಡುಪಿ ಕಡೆಯವರು. ವಡಾಲಾದ ಎನ್.ಕೆ.ಇ.ಎಸ್. ಶಾಲೆಗೆ ಮಕ್ಕಳನ್ನು ಕಳಿಸಿದ, ಮಾಟುಂಗಾದ ಮೈಸೂರು ಅಸೋಸಿಯೇಶನ್ನಿಗೆ ನಾಟಕ ನೋಡಲು ಹೋದ, ವಡಾಲಾ ರಾಮಮಂದಿರದ ಗಣಪತಿಗೆ ಸಾಲು ನಿಂತ ಕನ್ನಡದವರು ಈ ಸುತ್ತಮುತ್ತ ಬೇಕಾದಷ್ಟಿದ್ದಾರೆ. ಆದರೆ ಬಿಡುವಾಗಿ, ಕೆಲಸವಿಲ್ಲದೆ, ಕಾರಣವಿಲ್ಲದೆ ಮಾತಾಡಲು ಸಿಗುವವರು ಕಾಕಾ ಒಬ್ಬರೇ.

"ಲಾದಿ ಎದ್ದಿದೆ ಕಾಕಾ. ಸೋಫಾದ ಮುಂದೆ ಕಾಲಿಟ್ಟರೆ ಟಕ್ ಅನ್ನುತ್ತದೆ" ಎಂದೆ.

"ಎದ್ದದ್ದು ಒಂದ ಏನು? ಬಡದ್ ನೋಡ್ರಿ, ಹತ್ತು ಸಿಗತಾವ."

ಸಿಕ್ಕವು. ನೆಲ ತಟ್ಟಿ ನೋಡುವುದು ಒಂದು ಚಟ. ಒಮ್ಮೆ ಶುರು ಮಾಡಿದವರು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ನೆಂಟರ ಮನೆಗೆ ಹೋದಾಗಲೂ ಕಾಲ ಹಿಮ್ಮಡಿ ತಾನಾಗಿ ಕುಟ್ಟತೊಡಗುತ್ತದೆ. ಗಾರೆಯ ಮೇಲೆ ಸರಿಯಾಗಿ ಕುಳಿತ ಟೈಲ್ಸಿನ ಸದ್ದು ಮೊಟಕು, ಗಟ್ಟಿ. ಕೆಳಗೆ ಪೊಳ್ಳಾಗಿದ್ದರೆ ಸದ್ದು ಅಗಲವಾಗಿ, ಡಬ್ ಎಂದು ಬರುತ್ತದೆ. ಐದು ರೂಪಾಯಿ ನಾಣ್ಯವೂ ಸಾಕು, ಮರದ ಹಿಡಿಯಾದರೆ ಕಿವಿಗೆ ಇನ್ನೂ ಸ್ಪಷ್ಟ. ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರೆ ಕೊನೆಗೆ ನೆಲದ ಮೇಲೆ ಒಂದು ನಕ್ಷೆ ಮೂಡುತ್ತದೆ. ಆ ನಕ್ಷೆಯೇ ಅರ್ಧ ಉತ್ತರ. ಅದನ್ನು ನೋಡದೆ ಮಿಸ್ತ್ರಿಗೆ ಫೋನ್ ಮಾಡಿದರೆ ಅವನು ಹೇಳುವುದು ಒಂದೇ ಮಾತು: "ಪೂರಾ ನಿಕಾಲನಾ ಪಡೇಗಾ", ಎಲ್ಲವನ್ನೂ ಕೀಳಬೇಕಂತೆ. ಅವನ ತಪ್ಪೂ ಅಲ್ಲ. ಎರಡು ಲಾದಿ ಕೂರಿಸುವುದಕ್ಕೆ ಕೈಯಾಳು ಬಿಗಾರಿಯನ್ನು ಕಟ್ಟಿಕೊಂಡು ಬಂದು ಹೋದರೆ ಅವನಿಗೆ ಚಹಾದ ಖರ್ಚೂ ಗಿಟ್ಟುವುದಿಲ್ಲ.

ನಕ್ಷೆಯನ್ನು ಓದುವುದು ಹೇಗೆ? ಒಂದೊಂದು ಟೈಲ್ಸಿನ ಮೂಲೆ ಮಾತ್ರ ಪೊಳ್ಳಾಗಿದ್ದರೆ, ಹಾಕುವಾಗ ಮೂಲೆಗೆ ಗಾರೆ ತಲುಪಿಲ್ಲ ಎಂದರ್ಥ. ಅಲ್ಲಿ ಭಾರ ಬಿದ್ದರೆ, ಕುರ್ಚಿಯ ಕಾಲು ಊರಿದರೆ, ಮೂಲೆ ಒಡೆಯುತ್ತದೆ. ಇಲ್ಲದಿದ್ದರೆ ಹಾಗೇ ವರ್ಷಗಟ್ಟಲೆ ಇದ್ದುಬಿಡುತ್ತದೆ. ಗೋಡೆಯಿಂದ ಗೋಡೆಗೆ ಇಡೀ ಸಾಲೇ ಪೊಳ್ಳಾಗಿ, ನಡುವೆ ಎರಡು ಟೈಲ್ಸು ಒಂದಕ್ಕೊಂದು ಆನಿಕೊಂಡು ತುಸು ಎದ್ದಿದ್ದರೆ ಅದು ಬೇರೆ ಕಾಯಿಲೆ: ಹಿಗ್ಗಲು ಜಾಗವಿಲ್ಲದ್ದು. ಬಿರುಕು ಒಂದು ಟೈಲ್ಸಿನಿಂದ ಮುಂದಿನದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಒಂದೇ ಗೆರೆಯಲ್ಲಿ ದಾಟಿ ಹೋಗಿದ್ದರೆ ಟೈಲ್ಸನ್ನು ಬೈಯಬೇಡಿ, ಬಿರುಕು ಕೆಳಗಿದೆ. ತುಳಿದಾಗ ಸಂದಿನಿಂದ ನೀರು ಜಿನುಗಿದರೆ, ಅಥವಾ ಮನೆಯೆಲ್ಲ ಒಣಗಿದ ಮೇಲೂ ಒಂದು ಕಡೆಯ ಸಂದು ಮಾತ್ರ ಕಪ್ಪಗೆ ಒದ್ದೆಯಾಗಿಯೇ ಉಳಿದರೆ, ಮಿಸ್ತ್ರಿಗಿಂತ ಮೊದಲು ಪ್ಲಂಬರನ್ನು ಕರೆಯಬೇಕು.

ಪೊಳ್ಳು ಸದ್ದು ಬಂದದ್ದನ್ನೆಲ್ಲ ಕಿತ್ತು ಹಾಕಬೇಕು ಅನ್ನುವುದು ಸುಳ್ಳು. ಅಲುಗಾಡದ, ಒಡೆಯದ, ಸಂದು ಗಟ್ಟಿಯಾಗಿರುವ ಪೊಳ್ಳು ಲಾದಿ ತನ್ನ ಪಾಡಿಗೆ ಇರಲಿ. ಸೀಮೆಸುಣ್ಣದ ಗುರುತನ್ನು ಫೋಟೋ ತೆಗೆದಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ತಟ್ಟಿ ನೋಡಿ. ನಕ್ಷೆ ಬೆಳೆದಿದ್ದರೆ ಚಿಂತೆ, ಹಾಗೇ ಇದ್ದರೆ ಬಿಡಿ.

ಇದನ್ನೆಲ್ಲ ಗೋಡೆಯ ಮೇಲೆ ಮೊಣಕೈ ಊರಿ ಕಾಕಾನಿಗೆ ವಿವರಿಸಿದೆ. ಅವರು ಕೇಳಿದಷ್ಟು ಹೊತ್ತು ಕೇಳಿ, "ಇವೆಲ್ಲ ನಿಮ್ಮ ಗುಜರಾತಿನ ಮೊರ್ಬಿ ಮಾಲಿನ ಹಣೇಬರಹರಿ. ನಮ್ಮ ಶಹಾಬಾದ್ ಫರಸಿ ಹಾಕಿಸಿದ್ರ ಈ ತಾಪತ್ರಯನ ಇರತಿದ್ದಿಲ್ಲ" ಎಂದರು.

ಶಹಾಬಾದ್ ಎಂದರೆ ಕಾಕಾನ ಎದೆ ಒಂದು ಇಂಚು ಉಬ್ಬುತ್ತದೆ. ಅದಕ್ಕೆ ಕಾರಣವೂ ಇದೆ. ಕಲಬುರ್ಗಿಗೂ ವಾಡಿಗೂ ನಡುವೆ ಮುಂಬಯಿ–ಮದ್ರಾಸ್ ರೈಲುಹಾದಿಯ ಮೇಲಿರುವ ಊರು ಅದು. ಭೀಮಾ ಸೀಮೆಯ ಆ ಕಲ್ಲು ಪದರಪದರವಾಗಿ ತಾನೇ ಬಿಡಿಸಿಕೊಳ್ಳುವ ಸುಣ್ಣಕಲ್ಲು. 1871ರಲ್ಲಿ ರಾಯಚೂರಿನಲ್ಲಿ ಎರಡು ಕಡೆಯ ಹಳಿ ಕೂಡಿಕೊಂಡ ಮೇಲೆ ಅದು ರೈಲು ಹತ್ತಿ ಈ ಕಡೆಗೂ ಬಂತು. ಮಹಾರಾಷ್ಟ್ರದಲ್ಲಿ ಇಂದಿಗೂ ನೆಲಕ್ಕೆ ಹಾಸುವ ಬೂದು ಕಲ್ಲಿಗೆ ಶಹಾಬಾದಿ ಎಂದೇ ಹೆಸರು. ಮುಂಬಯಿಯ ಹಳೆಯ ಚಾಳುಗಳ ಓಣಿ, ಮೋರಿ, ಮೆಟ್ಟಿಲ ಬುಡದಲ್ಲೆಲ್ಲ ಅದನ್ನು ತುಳಿದೇ ಜನ ಓಡಾಡಿದ್ದು. ಕನ್ನಡನಾಡಿನ ಕಲ್ಲು ಎಂದು ತುಳಿದವರಿಗೆ ಗೊತ್ತಿರಲಿಲ್ಲ, ಅಷ್ಟೆ.

"ನಿಮ್ಮ ಫರಸಿ ಎರಡು ಇಂಚು ದಪ್ಪ ಕಾಕಾ, ಎತ್ತುವುದಕ್ಕೆ ಇಬ್ಬರು ಬೇಕು. ಏಳಬೇಕೆಂದರೂ ಅದಕ್ಕೆ ಏಳಲಾಗುವುದಿಲ್ಲ" ಎಂದೆ.

"ಅದ ಹೇಳಾಕತ್ತೀನಿ ನಾನೂ!"

ಸೋಲುವುದು ಹೇಗೆ? ನಾನೂ ಮಂಗಳೂರು ಹಂಚನ್ನು ಎಳೆದು ತಂದೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಇಟ್ಟ. ಆ ಹಂಚು ಎಷ್ಟು ಹೆಸರಾಯಿತೆಂದರೆ, ಈಗ ಹೊಳೆಯುವ ಟೈಲ್ಸಿಗೆ ಹೆಸರಾದ ಅದೇ ಮೊರ್ಬಿಯಲ್ಲಿ ಹಿಂದೆ ಮಾಡುತ್ತಿದ್ದ ಮಾಡಿನ ಹಂಚಿಗೂ ಗುಜರಾತಿಗಳು ಮೆಂಗ್ಲೋರಿ ನಳಿಯಾ ಅನ್ನುತ್ತಿದ್ದರು. "ಅಂದಮೇಲೆ ಮೊರ್ಬಿಯನ್ನು ಬೈದರೆ ನಮ್ಮೂರ ಶಿಷ್ಯನನ್ನು ಬೈದ ಹಾಗಾಯಿತು ನೋಡಿ." ಕಾಕಾ ಒಪ್ಪಲಿಲ್ಲ. ಮಾಡಿನ ಹಂಚಿಗೂ ನೆಲದ ಲಾದಿಗೂ ಏನು ಸಂಬಂಧ ಎಂದರು. ಅದೂ ನಿಜವೇ.

ಅವರಿಗೂ ನನಗೂ ಒಪ್ಪಿಗೆಯಾದದ್ದು ನಡುಗಾಲದ ನೆಲದ ಬಗ್ಗೆ. 1922ರಲ್ಲಿ ಸಿಧ್ವಾ ಕುಟುಂಬದವರು ಸ್ವದೇಶಿ ಹುರುಪಿನಲ್ಲಿ ಶುರು ಮಾಡಿದ ಭಾರತ್ ಟೈಲ್ಸಿನ ಸಿಮೆಂಟ್ ಲಾದಿಗಳು ಈ ಊರಿನ ಹಳೆಯ ಕಟ್ಟಡಗಳಲ್ಲಿ ಇನ್ನೂ ಮಿರುಗುತ್ತಿವೆ. ಆಮೇಲೆ ಬಂದ ಮೊಸಾಯಿಕ್ ಲಾದಿಯೂ ಹಾಗೇ. ಸಿಮೆಂಟಿನ ಲಾದಿಗೆ ಸಿಮೆಂಟಿನ ಗಾರೆ ಕಚ್ಚಿಕೊಳ್ಳುತ್ತದೆ, ಎರಡೂ ನೀರು ಕುಡಿಯುವ ಒಂದೇ ಜಾತಿ. ಹಾಕಿ, ಒಣಗಿಸಿ, ಮಶಿನ್ ತಂದು ಅಲ್ಲೇ ಪಾಲಿಶ್ ಹೊಡೆಯುತ್ತಿದ್ದರು. ನಮ್ಮ ಹಾಲ್‌ನ ಕೆಳಗೂ ಅಂಥದೇ ಮೊಸಾಯಿಕ್ ಇತ್ತು, ನಮಗೆ ಮನೆ ಮಾರಿದವರು ಅದರ ಮೇಲೆ ಎರಡಡಿ ಚೌಕದ ಬಿಳಿ ವಿಟ್ರಿಫೈಡ್ ಹಾಕಿಸಿ ಬೆಲೆ ಏರಿಸಿದರು.

ತೊಂದರೆ ಶುರುವಾಗುವುದೇ ಅಲ್ಲಿ. ವಿಟ್ರಿಫೈಡ್ ಟೈಲ್ಸು ನೀರು ಕುಡಿಯುವುದು ತನ್ನ ತೂಕದ ಶೇಕಡಾ ಅರ್ಧಕ್ಕಿಂತ ಕಡಿಮೆ. ಬಾತ್‌ರೂಮಿನ ಗೋಡೆಗೆ ಹಾಕುವ ಮಾಮೂಲು ಸೆರಾಮಿಕ್ ಆದರೆ ಶೇಕಡಾ ಹತ್ತಕ್ಕಿಂತ ಹೆಚ್ಚು ಕುಡಿಯುತ್ತದೆ. ಸಿಮೆಂಟ್ ಹಾಲು ಹಿಡಿಯುವುದು ಕುಡಿಯುವ ಬೆನ್ನಿಗೆ. ಕುಡಿಯದ ಬೆನ್ನಿಗೆ ಅದು ಅಂಟಿದ ಹಾಗೆ ಕಾಣುತ್ತದೆ, ಅಂಟಿರುವುದಿಲ್ಲ. ಎದ್ದ ಲಾದಿಯನ್ನು ಕಿತ್ತು ಬೋರಲು ಹಾಕಿ ನೋಡಿ: ಹಿಂಬದಿ ಅಂಗಡಿಯಿಂದ ತಂದಷ್ಟೇ ಚೊಕ್ಕವಾಗಿದ್ದರೆ ಇದೇ ಕಥೆ. ವಿಟ್ರಿಫೈಡ್‌ಗೆ ಪಾಲಿಮರ್ ಬೆರೆಸಿದ ಟೈಲ್ ಅಡೆಸಿವ್ ಬೇಕು. ಭಾರತೀಯ ಮಾನಕ ಐ.ಎಸ್. 15477 ಇದಕ್ಕೆಂದೇ ಇದೆ, 2019ರ ಆವೃತ್ತಿಯಲ್ಲಿ ಅಡೆಸಿವ್‌ಗಳನ್ನು ಐದು ಬಗೆ ಮಾಡಿದ್ದಾರೆ. ಚೀಲದ ಮೇಲೆ ಬಗೆ ಬರೆದಿರುತ್ತದೆ, ಓದಿ ಕೊಳ್ಳಿ. ಹಳೆ ಲಾದಿಯ ಮೇಲೆ ಹೊಸ ಲಾದಿ ಹಾಕುವುದಾದರೆ ಅದಕ್ಕೆ ನಡೆಯುತ್ತದೆಂದು ಬರೆದಿರುವುದನ್ನೇ ಕೇಳಬೇಕು.

ಇನ್ನು ಹಾಕುವ ಕ್ರಮ. ಟೈಲ್ಸಿನ ಹಿಂಬದಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವಿಗೆ ಒಂದು ಮುದ್ದೆ ಇಟ್ಟು, ರಬ್ಬರ್ ಸುತ್ತಿಗೆಯಿಂದ ಕುಟ್ಟಿ ರಸಮಟ್ಟ ಇಟ್ಟು "ಲೆವೆಲ್ ಬರೋಬರ್" ಎನ್ನುವ ಮಿಸ್ತ್ರಿಗಳು ಈ ಊರಿನಲ್ಲಿ ಎಷ್ಟೋ. ಲೆವೆಲ್ ನಿಜವಾಗಿಯೂ ಬರೋಬರ್ ಇರುತ್ತದೆ. ಮುದ್ದೆಗಳ ನಡುವೆ ಮಾತ್ರ ಗಾಳಿ. ಹಲ್ಲುಹಲ್ಲಿನ ಕರಣೆಯಿಂದ ಅಡೆಸಿವನ್ನು ನೆಲದ ತುಂಬ ಒಂದೇ ದಿಕ್ಕಿಗೆ ಬಾಚಿ, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಸವರಿ, ಒತ್ತಿ ತುಸು ಆಚೀಚೆ ಜಗ್ಗಿ ಕೂರಿಸಿದರೆ ಹಿಂಬದಿಯ ಪೂರ್ತಿ ಹಿಡಿತ ಸಿಗುತ್ತದೆ. ಅಮೆರಿಕದ ಟೈಲ್ಸಿನವರ ಕೈಪಿಡಿ ಒಣ ಜಾಗಕ್ಕೆ ಕನಿಷ್ಠ 80, ಒದ್ದೆ ಜಾಗಕ್ಕೆ 95 ಶೇಕಡಾ ಹಿಡಿತ ಕೇಳುತ್ತದೆ. ನಾವು ಅಷ್ಟು ಲೆಕ್ಕ ಹಿಡಿಯಬೇಕಾಗಿಲ್ಲ. ಮಿಸ್ತ್ರಿ ಮೊದಲ ಲಾದಿ ಕೂರಿಸಿದ ಕೂಡಲೇ "ಭೈಯಾ, ಒಮ್ಮೆ ಎತ್ತಿ ತೋರಿಸಿ" ಎಂದರೆ ಸಾಕು, ಎಷ್ಟು ಹಿಡಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಅವನು ಗೊಣಗುತ್ತಾನೆ, ಗೊಣಗಲಿ.

ಎಲ್ಲಕ್ಕಿಂತ ದೊಡ್ಡ ಪಾಪ ನಮ್ಮ ಶೋಕಿಯದು. ಜಾಯಿಂಟ್ ಕಾಣಬಾರದು! ಇಡೀ ಹಾಲ್ ಒಂದೇ ಕನ್ನಡಿಯಾಗಬೇಕು! ಟೈಲ್ಸಿಗೆ ಟೈಲ್ಸು ಒತ್ತಿ, ಗೋಡೆಗೂ ಒತ್ತಿ, ನೂಲು ಹೋಗದ ಹಾಗೆ ಹಾಕಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತೇವೆ. ಇದು ಯಾಕೆ ತಪ್ಪೆಂದು ಹೇಳಲು ಕಾಕಾನ ಬಳಿ ರೈಲಿನ ಹಳಿಯ ಮಾತು ತೆಗೆದಾಗ ಅವರು ತಕ್ಷಣ ಹಿಡಿದುಕೊಂಡರು. ಬಿಸಿಲಿಗೆ ಹಳಿ ಬೆಳೀತದ, ಸಂದು ಬಿಡಲಿಲ್ಲಂದ್ರ ಸೊಟ್ಟಾಗ್ತದ ಎಂದು ಅವರೇ ಹೇಳಿದರು. ನೆಲವೂ ಅದೇ ಕಾಕಾ, ಎಂದು ನಾನು ಹಾಲಿನ ಲೆಕ್ಕದ ನೋಟ್ ಬುಕ್ಕಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಮಾಡಿ ತೋರಿಸಿದೆ. ಐದು ಮೀಟರು ಉದ್ದದ ಟೈಲ್ಸಿನ ಸಾಲು ಕೆಳಗಿನ ಸ್ಲ್ಯಾಬಿಗಿಂತ ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು ಮಿಲಿಮೀಟರಿನ ಮೂರನೇ ಒಂದು ಭಾಗ, ಅಷ್ಟೇ. ಆದರೆ ಎರಡು ತುದಿಯೂ ಗೋಡೆಗೆ ಒತ್ತಿದ್ದು, ಕೆಳಗಿನ ಅಂಟು ಬಿಟ್ಟಿದ್ದರೆ, ಆ ಕೂದಲೆಳೆಯಷ್ಟು ಹೆಚ್ಚುವರಿ ಉದ್ದ ಹೋಗುವ ದಾರಿ ಮೇಲಕ್ಕೆ ಒಂದೇ. ಶಾಲೆಯ ಪೈಥಾಗೊರಸ್ ಲೆಕ್ಕದ ಪ್ರಕಾರ ಸಾಲಿನ ನಡುವೆ ಸುಮಾರು ಮೂರು ಸೆಂಟಿಮೀಟರು ಏಳಬೇಕು! ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಗುಣಿಸಿ ನೋಡಿದರು. ಬಂದದ್ದು ಅದೇ.

ಮುಂಬಯಿಯಲ್ಲಿ ಹಗಲು ರಾತ್ರಿಯ ಬಿಸಿಯಲ್ಲಿ ದೊಡ್ಡ ಅಂತರವಿಲ್ಲ, ಹಾಗಾಗಿ ಇಲ್ಲಿ ಬಿಸಿಯೊಂದೇ ಕಾರಣವಾಗುವುದು ಕಡಿಮೆ. ಹೊಸ ಟವರುಗಳಲ್ಲಿ ಕೆಳಗಿನ ಕಾಂಕ್ರೀಟು ಮೊದಲ ಕೆಲವು ವರ್ಷ ಒಣಗುತ್ತ ಕುಗ್ಗುತ್ತದೆ, ಮೇಲಿನ ಟೈಲ್ಸು ಕುಗ್ಗುವುದಿಲ್ಲ. ಜಗಳದಲ್ಲಿ ಸೋಲುವುದು ನಡುವಿನ ಅಂಟು. ಅದಕ್ಕೇ ವಡಾಲಾ ಕಡೆಯ ಹೊಳೆಯುವ ಹೊಸ ಮನೆಗಳಿಂದಲೂ "ನಡುರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದಾಯಿತು, ಎದ್ದು ನೋಡಿದರೆ ಲಾದಿ ಮೇಲೆದ್ದಿದೆ" ಎಂಬ ಸುದ್ದಿ ಬರುವುದು. ದೆವ್ವವೂ ಅಲ್ಲ, ಭೂಕಂಪವೂ ಅಲ್ಲ. ಟೈಲ್ಸಿನ ನಡುವೆ ಎರಡು ಮೂರು ಮಿಲಿಮೀಟರು ಸ್ಪೇಸರ್ ಇಡಿಸಿ, ಗೋಡೆಯ ಬುಡದಲ್ಲಿ ಸುತ್ತಲೂ ಐದಾರು ಮಿಲಿಮೀಟರು ಖಾಲಿ ಬಿಡಿಸಿ. ಅದರ ಮೇಲೆ ಸ್ಕರ್ಟಿಂಗ್ ಬರುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ.

ನಮ್ಮಂಥ ಗ್ರೌಂಡ್ ಫ್ಲೋರಿನವರಿಗೆ ಇನ್ನೊಂದು ಶತ್ರು ಇದೆ: ಕೆಳಗಿನಿಂದ ಏರುವ ತೇವ. ವಡಾಲಾದ ಉಪ್ಪಿನ ಗದ್ದೆಗಳು ಇಲ್ಲಿಂದ ದೂರವಿಲ್ಲ. ಮಳೆಗಾಲದಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಊರು, ಕಿಂಗ್ಸ್ ಸರ್ಕಲ್ಲಿನಲ್ಲಿ ವರ್ಷವರ್ಷ ನೀರು ನಿಲ್ಲುವುದನ್ನು ಟಿವಿಯವರು ತೋರಿಸದೆ ಬಿಡುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಅಳೆದದ್ದನ್ನು ಇಲ್ಲಿನ ಗ್ರೌಂಡ್ ಫ್ಲೋರಿನವರು ಯಾರೂ ಮರೆತಿಲ್ಲ. ನೆಲದ ತೇವ ಉಪ್ಪನ್ನು ಕರಗಿಸಿಕೊಂಡು ಸಂದಿನ ಮೂಲಕ ಮೇಲೆ ಬರುತ್ತದೆ, ನೀರು ಆರುತ್ತದೆ, ಉಪ್ಪು ಸಂದಿನೊಳಗೇ ಹರಳುಗಟ್ಟಿ ಹಿಗ್ಗುತ್ತದೆ. ಸಂದು ತುಂಬಿದ ಗ್ರೌಟು ಒಳಗಿನಿಂದಲೇ ಪುಡಿಯಾಗುತ್ತದೆ. ಗುಡಿಸಿದಷ್ಟೂ ಬಿಳಿ ಪುಡಿ ಬರುತ್ತಿದ್ದರೆ ಬರೇ ಗ್ರೌಟು ತುಂಬಿಸಿ ಪ್ರಯೋಜನವಿಲ್ಲ. ಕಿತ್ತು, ಕೆಳಗೆ ತೇವ ತಡೆಯುವ ಲೇಪ ಕೊಟ್ಟೇ ಮತ್ತೆ ಹಾಕಬೇಕು. ಖರ್ಚಿನ ಬಾಬತ್ತು, ಅದಕ್ಕೇ ಯಾರೂ ಹೇಳುವುದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಮೇಲಿನ ಮನೆಯ ಮಾಮಿ ಬಟ್ಟೆ ಹರವಲು ಗ್ರಿಲ್ಲಿಗೆ ಬಂದವರು, "ನಮ್ಮ ಬಾತ್‌ರೂಮಿನ ಗ್ರೌಟೂ ಉದುರುತ್ತಿದೆಯಪ್ಪ. ಪ್ರತಿ ವಾರ ಆ್ಯಸಿಡ್ ಹಾಕಿ ಉಜ್ಜಿಸುತ್ತೇನೆ, ಆದರೂ!" ಎಂದರು.

ಆದರೂ ಅಲ್ಲ ಮಾಮಿ, ಆದ್ದರಿಂದ! ಗ್ರೌಟು ಎಂದರೆ ಸಿಮೆಂಟು, ಸಿಮೆಂಟು ಎಂದರೆ ಸುಣ್ಣದ ಸಂಸಾರ. ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುವ ಏನನ್ನು ಸುರಿದರೂ ಬುಸ್ ಎಂದು ನೊರೆ ಬರುತ್ತದೆ. ಕೊಳೆ ಹೋಗುತ್ತಿದೆ ಎಂದು ನಾವು ಖುಷಿ ಪಡುತ್ತೇವೆ. ಹೋಗುತ್ತಿರುವುದು ಗ್ರೌಟು. ಕಮೋಡಿಗೆಂದು ತಂದ ಬಾಟಲಿಯನ್ನು ನೆಲಕ್ಕೂ ಸುರಿಯುವ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲಿದೆ. ಸಂದು ತೊಳೆಯಲು ಪಾತ್ರೆ ತೊಳೆಯುವ ಸೋಪಿನ ನೀರು, ಹಳೆ ಟೂತ್ ಬ್ರಶ್ಶು ಸಾಕು. ಗಡಸು ನೀರಿನ ಬಿಳಿ ಕಲೆಯಿದ್ದರೆ ಟೈಲ್ಸಿನ ಮೇಲ್ಮೈಗೆ ಮಾತ್ರ ಏನಾದರೂ ಮಾಡಿ, ಸಂದಿಗೆ ತಾಗಿಸಬೇಡಿ. ಕಾಕಾ ಕಿಸಕ್ಕನೆ ನಕ್ಕರು. "ನಗಬೇಡಿ ಕಾಕಾ, ನಿಮ್ಮ ಶಹಾಬಾದ್ ಫರಸಿಯೂ ಸುಣ್ಣಕಲ್ಲೇ. ಅದರ ಮೇಲೆ ಆ್ಯಸಿಡ್ ಬಿದ್ದರೆ ಅದಕ್ಕೂ ಇದೇ ಗತಿ" ಎಂದೆ. ಅವರ ನಗು ಅಲ್ಲಿಗೆ ನಿಂತಿತು.

ಮಾಮಿಯ ಬಾತ್‌ರೂಮು ಎಂದರೆ ನಮ್ಮ ಬಾತ್‌ರೂಮಿನ ಸೂರು. ಅಲ್ಲಿ ಹಳದಿ ಕಲೆ ಮೂಡಿ ಆಗಲೇ ಒಂದು ಮಳೆಗಾಲವಾಗಿದೆ. ಹಾಗಾಗಿ ನಾನು ಮಾತಿಗೆ ತುಸು ಸಕ್ಕರೆ ಬೆರೆಸಿಯೇ ಹೇಳಬೇಕಾಯಿತು. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಬಾತ್‌ರೂಮಿನ ಸ್ಲ್ಯಾಬು ಒಂದು ಹಂತ ತಗ್ಗು. ಅದರಲ್ಲಿ ಪೈಪು ಕೂರಿಸಿ, ಇಟ್ಟಿಗೆ ಚೂರು ಮತ್ತು ವಾಟರ್‌ಪ್ರೂಫಿಂಗ್ ಬೆರೆಸಿದ ಗಾರೆ ತುಂಬುತ್ತಾರೆ, ಬ್ರಿಕ್‌ಬ್ಯಾಟ್ ಕೋಬಾ ಎನ್ನುವುದು ಅದಕ್ಕೇ. ಸಿಮೆಂಟಿನ ಗ್ರೌಟು ಯಾವ ಕಾಲಕ್ಕೂ ನೀರು ತಡೆಯುವ ವಸ್ತುವಲ್ಲ, ತಡೆಯಬೇಕಾದದ್ದು ಕೆಳಗಿನ ಕೋಬಾ ಮತ್ತು ಲೇಪ. ಆದರೆ ಸಂದು ಬಾಯಿ ಬಿಟ್ಟರೆ ಕೋಬಾದ ಮೇಲೆ ಬೀಳುವ ನೀರು ಹೆಚ್ಚುತ್ತದೆ, ಕೋಬಾ ಹಳತಾಗಿದ್ದರೆ ನೆನೆನೆನೆದು ಒಂದು ದಿನ ಕೆಳಗಿನವರ ತಲೆಗೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದು ಪೈಪಿನಿಂದಲೋ ನೆಲದಿಂದಲೋ ತಿಳಿಯಲು ಸುಲಭದ ಉಪಾಯವಿದೆ. ನೆಲದ ನೀರು ಹೊರಹೋಗುವ ನಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಬೆರಳು ನೀರು ಒಂದು ದಿನ ನಿಲ್ಲಿಸಿ. ಬೇಕಿದ್ದರೆ ರಂಗೋಲಿ ಬಣ್ಣ ಕದಡಿ. ಕೆಳಗೆ ಕಲೆ ಹರಡಿದರೆ ನೆಲದ ದೋಷ. ನೆಲದಲ್ಲಿ ನಿಲ್ಲಿಸಿದಾಗ ಏನೂ ಆಗದೆ, ಬಟ್ಟೆ ತೆಗೆದು ನೀರು ಬಿಟ್ಟಾಗ ತೊಟ್ಟಿಕ್ಕಿದರೆ ಟ್ರ್ಯಾಪಿನ ಅಥವಾ ಹೊರಹೋಗುವ ಪೈಪಿನ ದೋಷ. ಎರಡೂ ಅಲ್ಲವೆಂದಾದರೆ ನಲ್ಲಿಗೆ ನೀರು ತರುವ ಪೈಪನ್ನು ನೋಡಬೇಕು.

ಖರ್ಚು ಯಾರದು? ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮಗಳ ಪ್ರಕಾರ ಟೆರೇಸು, ಹೊರಗೋಡೆಯಿಂದ ಬರುವ ಸೋರಿಕೆ ಸೊಸೈಟಿಯದು. ಟಾಯ್ಲೆಟ್, ಸಿಂಕ್ ಮೊದಲಾದ ಒಳಗಿನ ಸೋರಿಕೆ ಆಯಾ ಮನೆಯವರದು. ಇದನ್ನು ಮಾಮಿಗೆ ಹೇಳಿದೆ. ಅವರು ಬಟ್ಟೆ ಹರವುವುದನ್ನು ಅರ್ಧಕ್ಕೆ ಬಿಟ್ಟು, "ರೀಡೆವಲಪ್‌ಮೆಂಟ್ ಬರುತ್ತದಲ್ಲ, ಸುಮ್ಮನೆ ದುಡ್ಡು ಯಾಕೆ ಹಾಕುವುದು?" ಎಂದು ಒಳಗೆ ಹೋದರು.

ರೀಡೆವಲಪ್‌ಮೆಂಟ್! ಈ ಒಂದು ಮಾತಿನಿಂದ ಆಂಟಾಪ್ ಹಿಲ್‌ನ ಅರ್ಧದಷ್ಟು ರಿಪೇರಿ ನಿಂತಿದೆ. ಬಿಲ್ಡರ್ ಬರುತ್ತಾನೆ, ಹೊಸ ಮನೆ ಕೊಡುತ್ತಾನೆ, ಅಲ್ಲಿವರೆಗೆ ಎದ್ದ ಲಾದಿಯ ಮೇಲೆ ಚಾಪೆ. ಬರುವವರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದು ನಿಯಮ ಇರುವುದು ಸುಮ್ಮನೆ ಅಲ್ಲ. ಬಾತ್‌ರೂಮಿನ ನೀರು ಸ್ಲ್ಯಾಬಿನ ಸರಳಿಗೆ ತಲುಪಿ ತುಕ್ಕು ಹಿಡಿಸಿದರೆ ಹೋಗುವುದು ಲಾದಿಯಲ್ಲ, ಸೂರು. ಅದರ ಕೆಳಗೆ ಸ್ನಾನ ಮಾಡುವವಳು ನಾನು.

"ಹೋಗಲಿ ಬಿಡು ತಂಗಿ. ನಿನ್ನ ನೆಲಕ್ಕ ಏನ ಮಾಡಾಕಿ?" ಕಾಕಾ ಮಾತನ್ನು ನೆಲಕ್ಕೆ ಇಳಿಸಿದರು.

ಮಾಡುವುದು ಕಷ್ಟವಲ್ಲ, ಅವಸರ ಮಾಡಬಾರದಷ್ಟೆ. ಎದ್ದ ಲಾದಿಯನ್ನು ನೇರ ಮೀಟಬಾರದು, ಪಕ್ಕದ್ದರ ಅಂಚು ಹಾರುತ್ತದೆ. ಮೊದಲು ಸುತ್ತಲಿನ ಸಂದಿನ ಗ್ರೌಟನ್ನು ಪೂರ್ತಿ ಕೆರೆಯಬೇಕು. ಒಂದೆರಡಕ್ಕಾದರೆ ಮುರಿದ ಹ್ಯಾಕ್‌ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದರೂ ಆಗುತ್ತದೆ. ಆಮೇಲೆ ತೆಳು ಉಳಿ ತೂರಿಸಿ, ಪೊಳ್ಳಾದ ಕಡೆಯಿಂದ ಮೀಟಿದರೆ ಲಾದಿ ಇಡಿಯಾಗಿಯೇ ಬರಬಹುದು. ಬಾರದಿದ್ದರೆ ನಡುವಿಗೆ ಕೊಯ್ದು ಒಡೆದು ತೆಗೆಯುವುದೇ ದಾರಿ. ಗ್ರೈಂಡರ್ ಹಚ್ಚುವ ಹುಡುಗನಿಗೆ ದಯವಿಟ್ಟು ಮಾಸ್ಕ್ ಕೊಡಿ, ಬ್ಲೇಡಿನ ಬಾಯಿಗೆ ನೀರು ಬಿಡಿಸಿ. ಕರವಸ್ತ್ರ ಕಟ್ಟಿಕೊಂಡು ಬಿಳಿಯ ಮೋಡದ ನಡುವೆ ಕೂತು ಕೊಯ್ಯುವ ಬಿಗಾರಿಗಳನ್ನು ನೋಡಿದ್ದೇನೆ. ಆ ದೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೋದದ್ದು ಹೊರಗೆ ಬರುವುದಿಲ್ಲ.

ತೆಗೆದ ಜಾಗದ ಹಳೆ ಗಾರೆಯನ್ನು ಗಟ್ಟಿ ತಳ ಸಿಗುವವರೆಗೆ ಕೆತ್ತಿ, ದೂಳು ಒರೆಸಿ, ಅಡೆಸಿವ್ ಬಾಚಿ ಕೂರಿಸುವುದು. ಕಿತ್ತ ಲಾದಿ ಒಡೆದಿಲ್ಲವಾದರೆ ಬೆನ್ನು ಉಜ್ಜಿ ಅದನ್ನೇ ಹಾಕಬಹುದು. ಅಕ್ಕಪಕ್ಕದ ಮಟ್ಟಕ್ಕೆ ಬಂತೇ ಎಂದು ರಸಮಟ್ಟಕ್ಕಿಂತ ಅಂಗೈ ಸವರಿ ನೋಡುವುದು ಚೆನ್ನ. ಒಂದು ದಿನ ಯಾರೂ ತುಳಿಯಬಾರದು. ಮಕ್ಕಳಿರುವ ಮನೆಯಲ್ಲಿ ಕುರ್ಚಿ ಬೋರಲು ಹಾಕಿಡಿ. ಪೊಳ್ಳಾಗಿದ್ದೂ ಒಡೆಯದ, ಬದಲಿಗೆ ಇನ್ನೊಂದು ಸಿಗದ ಲಾದಿಗೆ ಇನ್ನೊಂದು ದಾರಿ ಇದೆ: ಸಂದಿನಲ್ಲಿ ಸಣ್ಣ ತೂತು ಕೊರೆದು ತೆಳು ಇಪಾಕ್ಸಿಯನ್ನು ಸಿರಿಂಜಿನಿಂದ ಇಳಿಸಿ ಮೇಲೆ ಭಾರ ಇಡುವುದು. ಕೆಳಗೆ ದೂಳು, ತೇವ ಇಲ್ಲದಿದ್ದರೆ ಹಿಡಿಯುತ್ತದೆ. ಮೇಲೆದ್ದು ನಿಂತ ಸಾಲಿಗೆ ಮಾತ್ರ ಇದು ಮದ್ದಲ್ಲ.

ಗ್ರೌಟಿನ ವಿಷಯದಲ್ಲಿ ಎಲ್ಲರೂ ಮಾಡುವುದು ಒಂದೇ: ಉದುರಿದ ಗ್ರೌಟಿನ ಮೇಲೆ ವೈಟ್ ಸಿಮೆಂಟ್ ಕಲಸಿ ಬಳಿದುಬಿಡುವುದು. ಅದು ಒಣಗುವಾಗ ಕುಗ್ಗಿ ಕೂದಲು ಬಿರುಕು ಬಿಡುತ್ತದೆ, ಸ್ವಲ್ಪ ದಿನಕ್ಕೆ ಹಳದಿಯಾಗುತ್ತದೆ, ಮತ್ತೆ ಉದುರುತ್ತದೆ. ಹಳೆಯದನ್ನು ಟೈಲ್ಸಿನ ದಪ್ಪದ ಮೂರರಲ್ಲಿ ಎರಡು ಪಾಲು ಆಳಕ್ಕಾದರೂ ಕೆರೆದು ತೆಗೆಯದೆ ಹೊಸದು ನಿಲ್ಲುವುದಿಲ್ಲ. ಒಣ ಜಾಗಕ್ಕೆ ಪಾಲಿಮರ್ ಬೆರೆಸಿದ ಸಿಮೆಂಟ್ ಗ್ರೌಟು ಸಾಕು. ಕಲಸಿದ್ದು ಶ್ರೀಖಂಡದ ಹದಕ್ಕೆ ಬರಬೇಕು, ಅದಕ್ಕಿಂತ ನೀರಾದರೆ ಬಲ ಹೋಯಿತು. ರಬ್ಬರಿನ ಫ್ಲೋಟಿನಿಂದ ಸಂದಿಗೆ ಓರೆಯಾಗಿ ಎಳೆದು ತುಂಬಿ, ತುಸು ಬಿಗಿದ ಮೇಲೆ ಹಿಂಡಿದ ಸ್ಪಂಜಿನಿಂದ ಒರೆಸಬೇಕು. ತೊಟ್ಟಿಕ್ಕುವ ಸ್ಪಂಜಿನಿಂದ ಒರೆಸಿದರೆ ಬಣ್ಣ ಮಚ್ಚೆಮಚ್ಚೆಯಾಗುತ್ತದೆ.

ಬಾತ್‌ರೂಮಿಗೆ, ಅಡುಗೆಮನೆಯ ಸಿಂಕಿನ ಸುತ್ತಲಿಗೆ ಇಪಾಕ್ಸಿ ಗ್ರೌಟೇ ಒಳ್ಳೆಯದು. ರೆಸಿನ್, ಹಾರ್ಡನರ್, ಪುಡಿ ಮೂರನ್ನೂ ಕಲಸಬೇಕು. ಮುಂಬಯಿಯ ಸೆಕೆಗೆ ಬೇಗ ಬಿಗಿಯುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿ. ಟೈಲ್ಸಿನ ಮೇಲೆ ಉಳಿದ ಪಾಚಿಯಂಥ ಲೇಪವನ್ನು ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಒರೆಸದಿದ್ದರೆ ಆಮೇಲೆ ಬ್ಲೇಡು ಹಾಕಿ ಕೆರೆಯುತ್ತ ಕೂರಬೇಕಾಗುತ್ತದೆ. ಮಿಸ್ತ್ರಿಗಳು ಇದಕ್ಕೆ ಮುಖ ಸಿಂಡರಿಸುವುದು ಇದೇ ಕಾರಣಕ್ಕೆ. ಬೆಲೆಯೂ ಜೋರು. ಆದರೆ ಸೋಪು, ಎಣ್ಣೆಯ ಕಲೆ ಅದಕ್ಕೆ ಸುಲಭಕ್ಕೆ ಅಂಟುವುದಿಲ್ಲ. ಗೋಡೆಯೂ ನೆಲವೂ ಸೇರುವ ಮೂಲೆಗೆ ಮಾತ್ರ ಯಾವ ಗ್ರೌಟೂ ಬೇಡ, ಸಿಲಿಕೋನ್ ಹಾಕಿಸಿ. ಅಲ್ಲಿ ಎರಡೂ ಬೇರೆಬೇರೆಯಾಗಿ ಅಲುಗುತ್ತವೆ, ಗಟ್ಟಿಯಾದದ್ದು ಏನಿದ್ದರೂ ಬಿರಿಯುತ್ತದೆ.

ಇನ್ನೊಂದು ಮಾತು, ಲಾದಿಯ ಮೇಲೆ ಲಾದಿ ಹಾಕಿಸುವವರಿಗೆ. ಕೀಳುವ ಗಲಾಟೆ ಇಲ್ಲ, ಕಸ ಇಲ್ಲ, ನಿಜ. ಆದರೆ ಕೆಳಗಿನ ಹಳೆಯದು ಗಟ್ಟಿಯಾಗಿದ್ದರೆ ಮಾತ್ರ. ಪೊಳ್ಳಿನ ಮೇಲೆ ಏನು ಅಂಟಿಸಿದರೂ ಒಟ್ಟಿಗೆ ಏಳುತ್ತದೆ. ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಒಂದು ಚದರ ಮೀಟರು ವಿಟ್ರಿಫೈಡ್ ಸುಮಾರು ಇಪ್ಪತ್ತು ಕಿಲೋ, ಕೆಳಗೆ ಎರಡು ಇಂಚು ಗಾರೆ ಹಾಕಿಸಿದಿರಾದರೆ ಅದೇ ನೂರು ಕಿಲೋ. ಹಳೆ ಕಟ್ಟಡದ ನಾಲ್ಕೂ ಮಹಡಿಯವರು ಒಬ್ಬರನ್ನು ನೋಡಿ ಒಬ್ಬರು ಹೀಗೆ ಮಾಡಿಸಿದರೆ ಕಂಬಗಳು ಯಾರಿಗೆ ಹೇಳಿಕೊಳ್ಳಬೇಕು? ಮಾಡಿಸುವುದಕ್ಕೆ ಮೊದಲು ಸೊಸೈಟಿಯ ಕಮಿಟಿಗೆ ಒಂದು ಅರ್ಜಿ ಕೊಡಿ, ಇಂಜಿನಿಯರನ್ನು ಕೇಳಿ.

ಕಾಕಾನಿಗೆ ಊಟದ ಕರೆ ಬಂತು. ಹೋಗುವ ಮುನ್ನ, "ಎಲ್ಲಾ ಖರೆ. ಅಂಥದ ಲಾದಿ ಎಲ್ಲಿಂದ ತರತೀ?" ಎಂದು ಕೇಳಿಯೇ ಹೋದರು. ಅದು ಕೇಳಬೇಕಾದ ಪ್ರಶ್ನೆ. ನಮಗೆ ಮನೆ ಮಾರಿದವರು ಒಂದೇ ಒಂದು ಚೂರನ್ನೂ ಉಳಿಸಿಟ್ಟಿರಲಿಲ್ಲ. ಟೈಲ್ಸಿನ ಡಿಸೈನುಗಳು ಸೀರೆಯ ಅಂಗಡಿಗಿಂತ ಬೇಗ ಬದಲಾಗುತ್ತವೆ, ಅದೇ ಹೆಸರಿನದು ಸಿಕ್ಕರೂ ಬ್ಯಾಚು ಬೇರೆಯಾದರೆ ಬಣ್ಣ ಒಂದು ಕೂದಲು ಆಚೀಚೆ. ಸೋಫಾದ ಅಡಿಯ ಲಾದಿಯನ್ನು ಕಿತ್ತು ಎದುರಿಗೆ ಹಾಕಿ, ಸೋಫಾದ ಅಡಿಗೆ ಬೇರೆ ಯಾವುದನ್ನಾದರೂ ಹಾಕುವುದು ಮುಂಬಯಿಯ ಮಿಸ್ತ್ರಿಗಳೆಲ್ಲರಿಗೂ ಗೊತ್ತಿರುವ ಯುಕ್ತಿ. ನಾವೂ ಅದನ್ನೇ ಮಾಡಿಸುವುದು.

ನೀವು ಹೊಸದಾಗಿ ನೆಲ ಹಾಕಿಸುವವರಾದರೆ ಒಂದು ಬಾಕ್ಸ್ ಹೆಚ್ಚಿಗೆ ತಂದು ಅಟ್ಟದ ಮೇಲಿಡಿ. ಬಾಕ್ಸಿನ ಮೇಲೆ ಬ್ಯಾಚ್ ನಂಬರು, ಶೇಡ್ ನಂಬರು ಅಚ್ಚಾಗಿರುವ ರಟ್ಟನ್ನು ಕತ್ತರಿಸಿ ಮನೆಯ ಕಾಗದಪತ್ರಗಳ ಫೈಲಿಗೆ ಸೇರಿಸಿ. ಮನೆ ಮಾರುವುದಾದರೆ ಎರಡನ್ನೂ ಕೊಂಡವರಿಗೆ ಕೊಟ್ಟು ಹೋಗಿ.